ಸೀರೆ ವಾಪಸ್, ದುಡ್ಡು ವಾಪಸ್: ನಾನು ಮಾಡಿ ನೋಡಿದ ದಾರಿಗಳ ಹೋಲಿಕೆ

ಆನ್‌ಲೈನ್‌ನಲ್ಲಿ ಸೀರೆ ಮಾರುವವರಿಗೆ "ಇದು ಬೇಡ, ದುಡ್ಡು ವಾಪಸ್ ಹಾಕಿ" ಅನ್ನುವ ಮೆಸೇಜ್ ತಪ್ಪಿದ್ದಲ್ಲ. ನಾನು ಮಾರುವುದು ಇಳಕಲ್ ಸೀರೆ. ಜಾಸ್ತಿ ಪಾಲು ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ನೇರವಾಗಿ ಹೋಗುತ್ತದೆ. ಒಂದಷ್ಟನ್ನು ದೊಡ್ಡ ಮಾರಾಟ ತಾಣದಲ್ಲೂ ಇಟ್ಟಿದ್ದೇನೆ. ತಕ್ಷಣ ದುಡ್ಡು ಕಳಿಸುವುದು, ಸೀರೆ ಕೈಗೆ ಬಂದ ಮೇಲೆ ಕಳಿಸುವುದು, ಬೇರೆ ಸೀರೆ ಕೊಡುವುದು, ಸ್ವಲ್ಪ ದುಡ್ಡು ಬಿಟ್ಟುಕೊಡುವುದು, ಮುಂದಿನ ಖರೀದಿಗೆ ಜಮಾ ಇಡುವುದು, ಹೀಗೆ ಎಲ್ಲವನ್ನೂ ಮಾಡಿ ನೋಡಿದ್ದೇನೆ.

"ನೋ ರಿಟರ್ನ್, ನೋ ರೀಫಂಡ್" ಅಂತ ಬರೆದು ಕೂರುವುದನ್ನು ಮಾತ್ರ ನಾನು ಒಂದು ಆಯ್ಕೆ ಅಂತ ಲೆಕ್ಕಕ್ಕೇ ಹಿಡಿದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ಮಾಲನ್ನು ವಾಪಸ್ ತೆಗೆದುಕೊಂಡು ದುಡ್ಡು ಕೊಡದೇ ಇರುವುದು ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲ ಅಂದರೆ 30 ದಿನ. ತಾಣಗಳಲ್ಲಿ ಮಾರುವವರಿಗೆ 2020ರ ಇ-ಕಾಮರ್ಸ್ ನಿಯಮಗಳೂ ಇವೆ. ತೋರಿಸಿದ ಹಾಗೆ ಮಾಲು ಇಲ್ಲದಿದ್ದರೆ ವಾಪಸ್ ನಿರಾಕರಿಸುವಂತಿಲ್ಲ. ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೂ ಅಷ್ಟೇ. ಕಾಯ್ದೆ ಹಾಗಿರಲಿ. ಎಲ್ಲೋ ಇರುವವರು ಬರೀ ಫೋಟೋ ನೋಡಿ 1,800 ರೂಪಾಯಿ ಮುಂಗಡವಾಗಿ ಕಳಿಸುತ್ತಾರೆ. ಅಷ್ಟು ನಂಬಿದವರಿಗೆ ಬಾಗಿಲು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ದಾರಿ ಯಾವುದು ಅನ್ನುವುದಕ್ಕೆ ಮೊದಲು ಕಾರಣ ಕೇಳಬೇಕು. ನನಗೆ ಪದೇ ಪದೇ ಬರುವ ದೂರು ಇದು: "ಅಕ್ಕಾ, ಸೆರಗಿನ ಹತ್ರ ಜೋಡಿಸಿದ ಹಾಗಿದೆ. ಡ್ಯಾಮೇಜ್ ಪೀಸ್ ಬಂದಿದೆ ನೋಡಿ." ಅದು ಡ್ಯಾಮೇಜ್ ಅಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡೂ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಆ ಜಾಗದಲ್ಲಿ ಒಂದು ಗೆರೆ ಕಾಣುತ್ತದೆ. ಟೋಪ್ ತೆನಿ ಅನ್ನುವ ಇಳಕಲ್ ಸೆರಗಿನ ಗುರುತೇ ಅದು. ಇಂಥ ಮೆಸೇಜ್ ಬಂದರೆ ನಾನು ರೀಫಂಡ್ ಮಾತೇ ಎತ್ತದೆ ಮೊದಲು ಮಗ್ಗದ ಮೇಲಿನ ಜೋಡಣೆಯ ಫೋಟೋ ಕಳಿಸುತ್ತೇನೆ, ಒಂದು ವಾಯ್ಸ್ ನೋಟ್ ಹಾಕುತ್ತೇನೆ. ಬಹಳ ಜನ ಖುಷಿಯಿಂದ ಇಟ್ಟುಕೊಳ್ಳುತ್ತಾರೆ. ಇಷ್ಟು ಹೇಳಿದ ಮೇಲೂ ಬೇಡ ಅಂದರೆ ವಾದ ಮಾಡುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ದುಡ್ಡು ತಕ್ಷಣ ಕೊಡುವುದೋ, ಸೀರೆ ಬಂದ ಮೇಲೋ?

ಸೀರೆ ಬಂದ ಮೇಲೆ ಕೊಡುವುದು ಮಾರುವವರಿಗೆ ಭದ್ರ. ಪಾರ್ಸೆಲ್ ಬಿಚ್ಚಿ, ಮಡಿಕೆ ನೋಡಿ, ಫಾಲ್-ಪಿಕೋ ಹಾಕಿಸಿದ್ದಾರಾ, ಕುಂಕುಮದ ಕಲೆ ಇದೆಯಾ, ಸೆಂಟಿನ ವಾಸನೆ ಬರುತ್ತಾ ಅಂತ ಪರೀಕ್ಷೆ ಮಾಡಬಹುದು. ಗೌರಿ ಹಬ್ಬ, ದೀಪಾವಳಿ ಮುಗಿದ ವಾರದಲ್ಲಿ ಉಟ್ಟು ಬಿಚ್ಚಿದ ಸೀರೆ ವಾಪಸ್ ಬರುವುದೂ ಉಂಟು. ಆದರೆ ಈ ದಾರಿಯಲ್ಲಿ ಕೊಂಡವರಿಗೆ ಕಷ್ಟ. ಸೀರೆಯೂ ಕೈಯಲ್ಲಿಲ್ಲ, ದುಡ್ಡೂ ಇಲ್ಲ. "ಬಂತಾ ಅಕ್ಕಾ? ಇವತ್ತು ಹಾಕ್ತೀರಾ?" ಅಂತ ದಿನಾ ಕೇಳುತ್ತಾರೆ. ಕೇಳುವುದು ಅವರ ತಪ್ಪಲ್ಲ. ಹಾಗೆ ಕಾದು ದುಡ್ಡು ಪಡೆದವರು ನನ್ನ ಹತ್ತಿರ ಮತ್ತೆ ಸೀರೆ ತೆಗೆದುಕೊಂಡದ್ದು ಕಡಿಮೆ.

ತಕ್ಷಣ ಕೊಟ್ಟರೆ ಇದಕ್ಕೆ ಪೂರ್ತಿ ಬೇರೆ ಚಿತ್ರ. ಅಂಚಿನ ಹತ್ತಿರ ತೂತು ಇದ್ದ ಸೀರೆಗೆ ಫೋಟೋ ನೋಡಿದ ಗಳಿಗೆಯಲ್ಲೇ ದುಡ್ಡು ಹಾಕಿದ್ದೇನೆ, ಜೊತೆಗೆ ವಾಪಸ್ ಕಳಿಸುವ ಕೊರಿಯರ್ ಖರ್ಚನ್ನೂ ಸೇರಿಸಿದ್ದೇನೆ. ಸೀರೆ ಅಷ್ಟೇ ಜೋಪಾನವಾಗಿ ಮಡಚಿ ಬಂತು. ಹೀಗೆ ದುಡ್ಡು ವಾಪಸ್ ಪಡೆದವರೇ ಅಕ್ಕ-ತಂಗಿಯರಿಗೆ ನನ್ನ ನಂಬರ್ ಕೊಟ್ಟಿದ್ದಾರೆ. ದುಡ್ಡು ತೆಗೆದುಕೊಂಡು ಸೀರೆ ಕಳಿಸದೇ ಉಳಿದವರೂ ಇದ್ದಾರೆ, ಆದರೆ ಬಹಳ ಕಡಿಮೆ.

ಹಾಗಾಗಿ ಈಗ ಕಾರಣದ ಮೇಲೆ ಭಾಗ ಮಾಡಿಕೊಂಡಿದ್ದೇನೆ. ದೋಷ ಫೋಟೋದಲ್ಲಿ ಸ್ಪಷ್ಟ ಕಂಡರೆ ಅದೇ ದಿನ ದುಡ್ಡು. ಪಾರ್ಸೆಲ್ ಬಿಚ್ಚುವ ವಿಡಿಯೋ ಇದ್ದರೆ ಒಳ್ಳೆಯದು, ಇಲ್ಲ ಅಂತ ದುಡ್ಡು ತಡೆಯುವುದಿಲ್ಲ. ಬಣ್ಣ ಬೇರೆ ಕಾಣುತ್ತದೆ ಅಂದರೆ, ಪಾರ್ಸೆಲ್ ಕಳಿಸಿದ ರಸೀದಿಯ ಫೋಟೋ ಬಂದ ಕೂಡಲೇ ದುಡ್ಡು. ಫೋನಿನ ಪರದೆಯಲ್ಲಿ ಬಣ್ಣ ಬದಲಾಗುವುದು ಯಾರ ಕೈಯಲ್ಲೂ ಇಲ್ಲ, ಅಲ್ವಾ? ಸುಮ್ನೆ ಮನಸ್ಸು ಬದಲಾಯಿತು ಅಂದರೆ ಮಾತ್ರ ಸೀರೆ ಬಂದು, ನೋಡಿ, ಆಮೇಲೆ. ಆಗ ಕೊರಿಯರ್ ಖರ್ಚು ಅವರದು. ಇದನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಕನ್ನಡದಲ್ಲಿ ಬರೆದು ಕಳಿಸುತ್ತೇನೆ.

ಬಣ್ಣದ ದೂರಿಗೆ ಎಲ್ಲಕ್ಕಿಂತ ಒಳ್ಳೆಯದು ಬದಲಿ ಸೀರೆ. ಸೀರೆ ಬೇಕಾಗಿಯೇ ಕೊಂಡಿರುತ್ತಾರೆ, ಆ ಬಣ್ಣ ಬೇಡ ಅಷ್ಟೇ. ಒಂದು ತೊಂದರೆ ಇದೆ. ಎರಡನೆಯದನ್ನೂ ಫೋಟೋ ನೋಡಿಯೇ ಆರಿಸಿದರೆ ಅದೇ ಕಥೆ ಮತ್ತೆ. ಅದಕ್ಕೆ ಬೆಳಗಿನ ಹೊತ್ತು ಅಂಗಳದಲ್ಲಿ ಸೀರೆ ಹರವಿ ವಿಡಿಯೋ ಕಾಲ್‌ನಲ್ಲಿ ತೋರಿಸುತ್ತೇನೆ. ಬಲ್ಬಿನ ಬೆಳಕಿನಲ್ಲಿ ಯಾವತ್ತೂ ತೋರಿಸಬೇಡಿ.

ಸ್ವಲ್ಪ ದುಡ್ಡು ಬಿಟ್ಟುಕೊಟ್ಟು ಸೀರೆ ಅವರಲ್ಲೇ ಉಳಿಸುವ ದಾರಿ ನೋಡಲು ಲಾಭದ್ದು. ವಾಪಸ್ ತರಿಸುವ ಕೊರಿಯರ್ ಖರ್ಚು ಉಳಿಯುತ್ತದೆ. ಕೈಮಗ್ಗದ ಸೀರೆಯಲ್ಲಿ ಅಲ್ಲೊಂದು ಇಲ್ಲೊಂದು ಎಳೆಗಂಟು ಇರುತ್ತದೆ, ಅಂಥ ಕಡೆ 150 ರೂಪಾಯಿ ಬಿಟ್ಟರೆ ಇಬ್ಬರಿಗೂ ಸಮಾಧಾನ. ಆದರೆ "ಎಷ್ಟು ಬಿಡಲಿ?" ಅಂತ ಕೇಳಿದಿರೋ, ಚೌಕಾಸಿ ಶುರು. ಮೊತ್ತ ನಾವೇ ಹೇಳಬೇಕು, ಒಂದೇ ಸಲ ಹೇಳಬೇಕು. ಪೂರ್ತಿ ವಾಪಸ್ ಕೊಡುವ ದಾರಿಯೂ ತೆರೆದಿದೆ ಅಂತ ಅದೇ ಮೆಸೇಜಿನಲ್ಲಿ ಬರೆಯಬೇಕು. ಇಲ್ಲದಿದ್ದರೆ ಅವರ ಬಾಯಿ ಮುಚ್ಚಿಸಿದ ಹಾಗಾಗುತ್ತದೆ. ಗುಳೇದಗುಡ್ಡದ ಖಣದ (ರವಿಕೆ ಬಟ್ಟೆ) ಜೊತೆ ಸೀರೆ ಕೊಟ್ಟಾಗಲೂ ಒಂದು ಪಾಲು ದುಡ್ಡಷ್ಟೇ ವಾಪಸ್ ಕೊಡುವ ಸಂದರ್ಭ ಬರುತ್ತದೆ. ಖಣ ಕತ್ತರಿಸಿ ರವಿಕೆಗೆ ಕೊಟ್ಟಾಗಿರುತ್ತದೆ, ಆಮೇಲೆ ಸೀರೆಯಲ್ಲಿ ದೋಷ ಕಾಣುತ್ತದೆ. ಆಗ ಸೀರೆಯ ದುಡ್ಡು ಮಾತ್ರ ವಾಪಸ್. ಬಿಲ್ಲಿನಲ್ಲಿ ಎರಡಕ್ಕೂ ಬೇರೆ ಬೇರೆ ಬೆಲೆ ಹಾಕಿದ್ದರೆ ಜಗಳ ಇಲ್ಲ.

ಮುಂದಿನ ಖರೀದಿಗೆ ಜಮಾ ಇಡುವುದು ನನಗೆ ಹಿಡಿಸಲಿಲ್ಲ. ಅವರಾಗಿ ಕೇಳಿದರೆ ಸರಿ, ನಾನಾಗಿ ಹೇಳುವುದಿಲ್ಲ. ಅವರ ದುಡ್ಡು ಅವರದು.

ದೊಡ್ಡ ತಾಣದಲ್ಲಿ ಈ ಯಾವ ಆಯ್ಕೆಯೂ ನಮ್ಮ ಕೈಯಲ್ಲಿ ಇರುವುದಿಲ್ಲ. ಕೊಂಡವರು ಗುಂಡಿ ಒತ್ತಿದರೆ ರೀಫಂಡ್ ಶುರು. ಕೊಂಡವರಿಗೆ ಅದು ನಿಜಕ್ಕೂ ಸುಲಭ. ನಮಗೆ ಮಾತಾಡುವ ಅವಕಾಶವೇ ಇಲ್ಲ, ಟೋಪ್ ತೆನಿ ಅಂದರೇನು ಅಂತ ಹೇಳಲೂ ಆಗುವುದಿಲ್ಲ. ನನ್ನ ಸೀರೆ ಕಳಿಸಿದ್ದಕ್ಕೆ ಯಾವುದೋ ಪಾಲಿಸ್ಟರ್ ಸೀರೆ ವಾಪಸ್ ಬಂದದ್ದಿದೆ. ಪ್ಯಾಕ್ ಮಾಡುವಾಗಿನ ವಿಡಿಯೋ ಇದ್ದದ್ದರಿಂದ ತಾಣದವರಿಂದ ಆ ನಷ್ಟದ ದುಡ್ಡು ಸಿಕ್ಕಿತು. ಅದಕ್ಕೇ ಅಲ್ಲಿ ಹತ್ತಿ ಸೀರೆ ಮಾತ್ರ ಇಟ್ಟಿದ್ದೇನೆ. ಅಪ್ಪಟ ರೇಷ್ಮೆಯದು ನೇರ ಮಾತಾಡಿ ಕೊಳ್ಳುವವರಿಗಷ್ಟೇ.

ಖರ್ಚಿನ ಮಾತು ಸ್ವಲ್ಪ. ಆನ್‌ಲೈನ್‌ನಲ್ಲಿ ದುಡ್ಡು ತೆಗೆದುಕೊಂಡು ನನ್ನ ಖಾತೆಗೆ ಹಾಕುವ ಪೇಮೆಂಟ್ ಗೇಟ್‌ವೇ ಕಂಪನಿಯ ಶುಲ್ಕ ಶೇಕಡಾ 2, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. 1,800 ರೂಪಾಯಿಗೆ ಸುಮಾರು 42 ರೂಪಾಯಿ. ರೀಫಂಡ್ ಮಾಡಿದರೆ ಇದು ನನಗೆ ವಾಪಸ್ ಬರುವುದಿಲ್ಲ. ನೇರ ಯುಪಿಐ ಆದರೆ ಈ ನಷ್ಟ ಇಲ್ಲ. ಜಿಎಸ್‌ಟಿ ಬಿಲ್ ಕೊಟ್ಟಿದ್ದರೆ ಕ್ರೆಡಿಟ್ ನೋಟ್ (ಮಾಲು ವಾಪಸ್ ಬಂತು ಅಂತ ಆ ಬಿಲ್ಲಿನ ಮೊತ್ತ ಕಳೆಯುವ ಚೀಟಿ) ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಮಾರದ ಸೀರೆಗೂ ತೆರಿಗೆ ನಿಮ್ಮ ಮೇಲೇ.

ದುಡ್ಡು ಯಾವ ಖಾತೆಯಿಂದ ಬಂದಿತ್ತೋ ಅದಕ್ಕೇ ವಾಪಸ್ ಹಾಕಿ. "ನಮ್ಮ ಯಜಮಾನರ ನಂಬರಿಗೆ ಹಾಕಿ" ಅಂದರೂ ಬೇಡ. ರೀಫಂಡ್ ಹೆಸರಿನಲ್ಲಿ ಲಿಂಕ್ ಕಳಿಸಿ ಪಿನ್ ಕೇಳುವ ಮೋಸಗಾರರು ಬಹಳ ಇದ್ದಾರೆ, ಕೊಂಡವರಿಗೂ ಆ ಹೆದರಿಕೆ ಇರುತ್ತದೆ. ಅದಕ್ಕೇ ದುಡ್ಡು ಹಾಕುವ ಮೊದಲು ಇಷ್ಟು ಬರೆದು ಕಳಿಸುತ್ತೇನೆ: "ನಿಮ್ಮ ಖಾತೆಗೇ ದುಡ್ಡು ಬರುತ್ತದೆ. ನೀವು ಏನೂ ಒತ್ತಬೇಕಾಗಿಲ್ಲ, ಪಿನ್ ಹಾಕಬೇಕಾಗಿಲ್ಲ."