'ಎಲ್ಲಾ ಸಾಲೂ ಹೊಂದಬೇಕು' ಕ್ವೆರಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಎಷ್ಟು ಒಗ್ಗುತ್ತದೆ?

ಒಂದಾದರೂ ಐಟಂ ಡೆಲಿವರಿ ಆಗಿರುವ ಆರ್ಡರ್ ಹುಡುಕಲು ಜಾಯಿನ್ (ಎರಡು ಟೇಬಲ್ ಜೋಡಿಸುವುದು) ಸಾಕು. ಎಲ್ಲಾ ಐಟಂಗಳೂ ಡೆಲಿವರಿ ಆಗಿರುವ ಆರ್ಡರ್ ಮಾತ್ರ ಬೇಕೆಂದಾಗ ತಲೆನೋವು ಶುರು. ಹೆಚ್ಚಿನವರು ಎಡವುವುದು ಸಾಲುಗಳನ್ನು ಸೋಸುವ ವೇರ್‌ನಲ್ಲಿ: ಅಲ್ಲಿಯೇ ಸ್ಟೇಟಸ್ = 'ಡೆಲಿವರ್ಡ್' ಎಂದು ಹಾಕಿದರೆ ಬಾಕಿ ಇರುವ ಸಾಲುಗಳು ಗುಂಪು ಮಾಡುವ ಮೊದಲೇ ಉದುರಿಹೋಗುತ್ತವೆ, ಅರ್ಧಂಬರ್ಧ ತಲುಪಿದ ಆರ್ಡರ್ ಕೂಡ ಪಾಸಾಗುತ್ತದೆ.

ಇಲ್ಲಿ ಪೋಸ್ಟ್‌ಗ್ರೆಸ್ ಕೊಡುವ ಸಾಧನ ಬೂಲ್_ಆ್ಯಂಡ್: ಗುಂಪಿನ ಎಲ್ಲಾ ಸಾಲಿಗೂ ಷರತ್ತು ನಿಜವಾದರೆ ಟ್ರೂ ಕೊಡುತ್ತದೆ. ಆರ್ಡರ್‌ವಾರು ಗುಂಪು ಮಾಡಲು ಗ್ರೂಪ್ ಬೈ ಆರ್ಡರ್_ಐಡಿ, ಆಮೇಲೆ ಗುಂಪುಗಳನ್ನು ಸೋಸಲು ಹ್ಯಾವಿಂಗ್ ಬೂಲ್_ಆ್ಯಂಡ್(ಸ್ಟೇಟಸ್ = 'ಡೆಲಿವರ್ಡ್'). ಓದಿದ ಕೂಡಲೇ ಉದ್ದೇಶ ತಿಳಿಯುತ್ತದೆ. ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯುಎಲ್‌ನಲ್ಲಿ ಇದು ಇಲ್ಲ; ಅಲ್ಲಿ ಹೋಲಿಕೆಯ ಉತ್ತರ 0 ಅಥವಾ 1 ಆಗಿರುವುದರಿಂದ ಮಿನ್(ಸ್ಟೇಟಸ್ = 'ಡೆಲಿವರ್ಡ್') = 1 ಎಂದು ಬರೆದು ಕೆಲಸ ಸಾಗಿಸುತ್ತಾರೆ. ಅದೇ ಅಭ್ಯಾಸವನ್ನು ಪೋಸ್ಟ್‌ಗ್ರೆಸ್‌ಗೆ ತಂದರೆ, ಬೂಲಿಯನ್‌ಗೆ (ಟ್ರೂ/ಫಾಲ್ಸ್ ಮೌಲ್ಯಕ್ಕೆ) ಮಿನ್ ಇಲ್ಲವೆಂದು ಎರರ್ ಬರುತ್ತದೆ.

ಆದರೆ ಬೂಲ್_ಆ್ಯಂಡ್ ನಲ್‌ಗಳನ್ನು (ಮೌಲ್ಯವೇ ಇಲ್ಲದ ಜಾಗಗಳನ್ನು) ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೂರು ಐಟಂಗಳಲ್ಲಿ ಎರಡು ಡೆಲಿವರ್ಡ್, ಒಂದರ ಸ್ಟೇಟಸ್ ನಲ್ ಎಂದಿಟ್ಟುಕೊಳ್ಳಿ: ಉತ್ತರ ಟ್ರೂ! ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಹಾಗಾಗಿ ಸಮ ಚಿಹ್ನೆಯ ಬದಲು 'ಈಸ್ ನಾಟ್ ಡಿಸ್ಟಿಂಕ್ಟ್ ಫ್ರಮ್' ಬಳಸಿ; ನಲ್ ಇದ್ದರೂ ಅದು ಟ್ರೂ ಅಥವಾ ಫಾಲ್ಸ್ ಎಂದೇ ಉತ್ತರಿಸುತ್ತದೆ. ಇಲ್ಲವೇ ಕಾಲಂಗೇ ನಾಟ್ ನಲ್ ಹಾಕಿಬಿಡಿ, ಅದೇ ವಾಸಿ.

ದೊಡ್ಡ ಟೇಬಲ್‌ನಲ್ಲಿ ನನ್ನ ಒಲವು ನಾಟ್ ಎಕ್ಸಿಸ್ಟ್ಸ್ ಕಡೆಗೆ: ಈ ಆರ್ಡರ್‌ನಲ್ಲಿ ಸ್ಟೇಟಸ್ 'ಈಸ್ ಡಿಸ್ಟಿಂಕ್ಟ್ ಫ್ರಮ್ ಡೆಲಿವರ್ಡ್' ಆಗಿರುವ ಸಾಲು ಇಲ್ಲ ಎನ್ನುವುದು. ಕ್ವೆರಿ ನಡೆಸುವ ದಾರಿ ಆರಿಸುವ ಪ್ಲಾನರ್ ಇದನ್ನು ಆ್ಯಂಟಿ ಜಾಯಿನ್ (ಜೋಡಿ ಸಿಗದ ಸಾಲುಗಳನ್ನಷ್ಟೇ ಉಳಿಸುವ ಜಾಯಿನ್) ಮಾಡಿಕೊಳ್ಳುತ್ತದೆ. ಆ ದಾರಿಯನ್ನು ತೋರಿಸುವ ಎಕ್ಸ್‌ಪ್ಲೇನ್‌ನಲ್ಲಿ ಆ ಹೆಸರೇ ಕಾಣುತ್ತದೆ. ಹೆಚ್ಚಿನ ಐಟಂಗಳು ತಲುಪಿಯೇ ಇರುವ ಡೇಟಾ ಆದರೆ, ಅದೇ ಷರತ್ತನ್ನು ವೇರ್‌ನಲ್ಲಿಟ್ಟು ಆರ್ಡರ್_ಐಡಿ ಮೇಲೆ ಪಾರ್ಷಿಯಲ್ ಇಂಡೆಕ್ಸ್ (ಷರತ್ತಿಗೆ ಹೊಂದುವ ಸಾಲುಗಳ ಹುಡುಕು-ಪಟ್ಟಿ) ಕಟ್ಟಿ. ಬಾಕಿ ಸಾಲುಗಳಷ್ಟೇ ಅದರಲ್ಲಿರುವುದರಿಂದ ಗಾತ್ರ ಚಿಕ್ಕದು. ಮೈಎಸ್‌ಕ್ಯುಎಲ್‌ನಲ್ಲಿ ಈ ಸೌಲಭ್ಯ ಇಲ್ಲ. ನಾಟ್ ಇನ್ ಮಾತ್ರ ಬೇಡ: ಸಬ್‌ಕ್ವೆರಿಯಲ್ಲಿ (ಒಳಗಿನ ಕ್ವೆರಿಯಲ್ಲಿ) ಒಂದೇ ಒಂದು ನಲ್ ಬಂದರೂ ಫಲಿತಾಂಶ ಪೂರ್ತಿ ಖಾಲಿ.

ಒಂದು ಐಟಂ ಕೂಡ ಇಲ್ಲದ ಆರ್ಡರ್‌ನ ಕಥೆ ಬೇರೆ. ನಾಟ್ ಎಕ್ಸಿಸ್ಟ್ಸ್ ಅದನ್ನೂ ಪಾಸು ಮಾಡುತ್ತದೆ, ತರ್ಕದ ಪ್ರಕಾರ ಸರಿಯೇ. ಐಟಂ ಟೇಬಲ್ ಮೇಲಿನ ಗ್ರೂಪ್ ಬೈನಲ್ಲಿ ಅದು ಬರುವುದೇ ಇಲ್ಲ. ಖಾಲಿ ಆರ್ಡರ್‌ಗೆ ಬಿಲ್ ಹೋಗಬಾರದು ಎಂದಿದ್ದರೆ ನಾಟ್ ಎಕ್ಸಿಸ್ಟ್ಸ್ ಜೊತೆಗೆ ಒಂದು ಎಕ್ಸಿಸ್ಟ್ಸ್ ಕೂಡ ಸೇರಿಸಿ.

ಕೊಟ್ಟ ಮೂರು ಟ್ಯಾಗ್‌ಗಳೂ ಇರುವ ಲೇಖನ ಬೇಕೆನ್ನುವುದು ಇದರ ದಾಯಾದಿ ಪ್ರಶ್ನೆ. ಅಲ್ಲಿ ವೇರ್‌ನಲ್ಲಿ ಇನ್ ಹಾಕುವುದೇ ಸರಿ, ಆಮೇಲೆ ಹ್ಯಾವಿಂಗ್ ಕೌಂಟ್(ಡಿಸ್ಟಿಂಕ್ಟ್ ಟ್ಯಾಗ್_ಐಡಿ) = 3. ಲೇಖನ-ಟ್ಯಾಗ್ ಜೋಡಿಗೆ ಯುನಿಕ್ ಕೀ (ಅದೇ ಜೋಡಿ ಎರಡು ಸಲ ಬರದಂತೆ ತಡೆಯುವ ನಿಯಮ) ಇದ್ದರೆ ಮಾತ್ರ ಡಿಸ್ಟಿಂಕ್ಟ್ ಬಿಡಬಹುದು.