ಹಳೆ ಗ್ಯಾರೇಜ್ ಶಟರ್‌ಗೆ ರೆಡ್ ಆಕ್ಸೈಡ್ ಪ್ರೈಮರ್: ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ

ಧಾರವಾಡದ ಮಳೆಗೆ ಗ್ಯಾರೇಜಿನಲ್ಲಿ ಮೊದಲು ತುಕ್ಕು ಹಿಡಿಯುವುದು ಶಟರ್‌ನ ಕೆಳಗಿನ ಪಟ್ಟಿಗಳು. ಫರಸಿಗೆ ಬಡಿದ ಹನಿ ಸಿಡಿದು ಅಲ್ಲೇ ಕೂರುತ್ತದೆ. ಸಾದಾ ಕಬ್ಬಿಣದ ಶಟರ್ ಆಗಿದ್ದರೆ ಬಣ್ಣಕ್ಕೆ ಮುಂಚೆ ತಳಕ್ಕೆ ಹಚ್ಚುವ ರೆಡ್ ಆಕ್ಸೈಡ್ ಪ್ರೈಮರ್ ಈಗಲೂ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಮಾಲು. 8 ಅಡಿ ಅಗಲ, 7 ಅಡಿ ಎತ್ತರದ ಹೊರಮೈಗೆ ಒಂದು ಕೋಟ್‌ಗೆ 1 ಲೀಟರ್ ತನ್ನಿ. ಬರೀ 56 ಚದರಡಿ ಎಂದು ಅರ್ಧ ಲೀಟರ್ ತಂದರೆ ಪಟ್ಟಿಗಳ ಉಬ್ಬುತಗ್ಗೇ ಅದನ್ನು ನುಂಗುತ್ತದೆ.

ಜಿಐ (ಸತುವಿನ ಲೇಪವಿರುವ ಕಬ್ಬಿಣ) ಪತ್ರಾದ ಶಟರ್‌ಗೆ ಮಾತ್ರ ಇದನ್ನು ಹಚ್ಚಲೇಬೇಡಿ. ಎಣ್ಣೆಯಂಶದ ಪ್ರೈಮರ್ ಸತುವಿನ ಜೊತೆ ಸೇರಿದರೆ ತಳದಲ್ಲಿ ಸಾಬೂನಿನಂಥ ಪದರ ಕಟ್ಟುತ್ತದೆ. ಆಮೇಲೆ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಹಳೆ ಬಣ್ಣ ಕೆರೆದು ನೋಡಿ: ಬೂದು ಬೆಳ್ಳಿಯ ಹರಳುಹರಳು ಮಚ್ಚೆ ಕಂಡರೆ ಅದು ಜಿಐ. ಅದಕ್ಕೆ ಜಿಐ ಪ್ರೈಮರ್ ಎಂದೇ ಕೇಳಿ ತರಬೇಕು.

ಸಾದಾ ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಹಚ್ಚುವ ಮೊದಲಿನ ತಯಾರಿ: ವೈರ್ ಬ್ರಷ್, 80 ನಂಬರ್ ಎಮರಿ ಕಾಗದದಿಂದ ಉಜ್ಜುವುದು, ಆಮೇಲೆ ಟರ್ಪೆಂಟೈನ್ ಅದ್ದಿದ ಅರಿವೆಯಿಂದ ಒರೆಸುವುದು. ನೀರಿನಲ್ಲಿ ತೊಳೆದು ಆವತ್ತೇ ಹಚ್ಚಿದರೆ ಪಟ್ಟಿಯ ಸಂದಿನಲ್ಲಿ ಉಳಿದ ತೇವದಿಂದ ತುಕ್ಕು ಮತ್ತೆ ಹೊರಬರುತ್ತದೆ. ಡಬ್ಬಿಯ ತಳದಲ್ಲಿ ಕೆಂಪು ಗಸಿ ಗಟ್ಟಿಯಾಗಿ ಕೂತಿರುತ್ತದೆ, ಚಪ್ಪಟೆ ಕಡ್ಡಿಯಿಂದ ತಳ ಮುಟ್ಟಿ ಕಲಕಿ. ಮೇಲಿನ ತಿಳಿ ಹಚ್ಚಿದರೆ ಪ್ರೈಮರ್ ಹಚ್ಚಿದಂತೆಯೇ ಅಲ್ಲ. ಸಂದಿಗೆ ತೆಳ್ಳಗಿರಲಿ. ದಪ್ಪ ಕೂತರೆ ಶಟರ್ ಸುರುಳಿ ಸುತ್ತುವಾಗ ಸಿಪ್ಪೆ ಏಳುತ್ತದೆ.

ರೆಡ್ ಆಕ್ಸೈಡ್ ಒಂದೇ ಮಳೆ ತಡೆಯದು. ಒಣಗಿದ ಮರುದಿನವೇ ಮೇಲಿನ ಎನಾಮಲ್ ಬಣ್ಣ ಶುರುಮಾಡಿ, ಎರಡು ಕೋಟ್. ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ಒಣ ಹವೆಯೇ ಸರಿ.