ಸಿವಿಲೈಸೇಶನ್ 6, ಐದು ವರ್ಷ ಆಡಿದ ಮೇಲೆ: ಮುಳುಗಿದ ಸಂತೆ, ಹೊಳೆ ದಾಟದ ಸೇನೆ

ಈ ಆಟ ನನಗೆ ಸಿಕ್ಕಿದ್ದು ಪುಕ್ಕಟೆ. 2020ರ ಮೇ ತಿಂಗಳು, ಲಾಕ್‌ಡೌನ್. ಮೈಸೂರಿನ ಬಾಡಿಗೆ ರೂಮಿಗೆ ಬೀಗ ಹಾಕಿ ಶ್ರೀರಂಗಪಟ್ಟಣದ ಹತ್ತಿರದ ನಮ್ಮ ಊರಿಗೆ ಬಂದು ಕೂತಿದ್ದೆ. ಕಂಪ್ಯೂಟರ್ ಆಟ ಮಾರುವ ಎಪಿಕ್ ಸ್ಟೋರ್‌ನಲ್ಲಿ ಸಿವಿಲೈಸೇಶನ್ 6 ಒಂದು ವಾರ ಉಚಿತ ಅಂತ ಗೆಳೆಯನ ಮೆಸೇಜ್ ಬಂತು. ನಮ್ಮೂರಿನ ನೆಟ್‌ವರ್ಕ್‌ನಲ್ಲಿ ಅದು ಇಳಿಯೋಕೆ ಎರಡು ರಾತ್ರಿ ಹಿಡಿಯಿತು. ಅವತ್ತಿಂದ ಇವತ್ತಿನವರೆಗೆ ಲೆಕ್ಕ 1,100 ಗಂಟೆ ದಾಟಿದೆ. ಮನೆಯಲ್ಲಿ ಈ ಅಂಕಿ ಇನ್ನೂ ಹೇಳಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. 2016ರ ಅಕ್ಟೋಬರ್‌ನಲ್ಲಿ ಬಂದ ಆಟ ಇದು. ಕ್ರಿಸ್ತಪೂರ್ವ 4000ದಲ್ಲಿ ನಿಮ್ಮ ಕೈಗೆ ಊರು ಕಟ್ಟುವ ಒಂದು ತಂಡ, ದೊಣ್ಣೆ ಹಿಡಿದ ಒಬ್ಬ ಯೋಧ ಕೊಡುತ್ತಾರೆ. ಅಲ್ಲಿಂದ ರಾಕೆಟ್ ಹಾರಿಸುವವರೆಗೆ ನೀವೇ ಒಂದು ಸಾಮ್ರಾಜ್ಯ ನಡೆಸಬೇಕು. ಚದುರಂಗದ ಹಾಗೆ ಸರದಿ ಪ್ರಕಾರ ಆಟ. ನಿಮ್ಮ ಟರ್ನ್ ಮುಗಿದ ಮೇಲೆ ಉಳಿದ ರಾಜರ ಟರ್ನ್. ‘ಇನ್ನೊಂದೇ ಟರ್ನ್’ ಅಂದುಕೊಂಡು ಕೂತರೆ ಹೊರಗೆ ಹಾಲಿನವನ ಗಾಡಿ ಸದ್ದು ಕೇಳಿಸುತ್ತದೆ.

ಇಷ್ಟು ಆಡಿದ ಮೇಲೆ ಒಂದು ವಿಚಿತ್ರ ಗಮನಿಸಿದ್ದೇನೆ. ನಾನು ಗೆದ್ದ ಆಟಗಳಲ್ಲಿ ಒಂದೂ ಸರಿಯಾಗಿ ನೆನಪಿಲ್ಲ. ಎಲ್ಲದರ ಕೊನೆಯೂ ಒಂದೇ ಥರ, ಅದೇ ವಿಡಿಯೋ, ಅದೇ ಸಂಗೀತ. ಕೆಟ್ಟು ಕೆರ ಹಿಡಿದ ಆಟಗಳು ಮಾತ್ರ ಟರ್ನ್ ಸಮೇತ ನೆನಪಿವೆ. ಹಾಗಾಗಿ ಈ ವಿಮರ್ಶೆಯಲ್ಲಿ ಜಾಸ್ತಿ ಅವುಗಳ ಬಗ್ಗೆಯೇ ಬರೆಯುತ್ತೇನೆ.

ಮೊದಲೇ ಒಂದು ಮಾತು. ಉಚಿತವಾಗಿ ಸಿಕ್ಕ ಮೂಲ ಆಟದಲ್ಲಿ ನದಿಗಳು ತುಂಬಾ ಸಾಧು. ಯಾವಾಗಲೂ ತುಂಬಿ ಹರಿಯುತ್ತವೆ, ದಡ ಮೀರುವುದೇ ಇಲ್ಲ. ಕಾವೇರಿ ಪಕ್ಕ ಬೆಳೆದವನಿಗೆ ಇದು ಸುಳ್ಳು ನದಿ ಅಂತ ಅವತ್ತೇ ಅನಿಸಿತ್ತು. 2019ರ ಫೆಬ್ರವರಿಯಲ್ಲಿ ಬಂದ ‘ಗ್ಯಾದರಿಂಗ್ ಸ್ಟಾರ್ಮ್’ ಎಂಬ ಎಕ್ಸ್‌ಪಾನ್ಷನ್, ಅಂದರೆ ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗ, ಹಾಕಿಕೊಂಡರೆ ನೆರೆ, ಬರ, ಬಿರುಗಾಳಿ, ಜ್ವಾಲಾಮುಖಿ ಎಲ್ಲ ಬರುತ್ತವೆ. ಅನಾಹುತ ಎಷ್ಟು ಜೋರಾಗಿರಬೇಕು ಅಂತ 0ಯಿಂದ 4ರವರೆಗೆ ಇಟ್ಟುಕೊಳ್ಳಬಹುದು. ನಾನು 3ರಲ್ಲಿ ಇಡುತ್ತೇನೆ. ಅದು ಇಲ್ಲದ ಆಟವನ್ನು ನಾನು ಈಗ ಆಟ ಅಂತಲೇ ಕರೆಯುವುದಿಲ್ಲ.

ಆ ಎಕ್ಸ್‌ಪಾನ್ಷನ್ ಕೊಂಡ ಮೊದಲ ವಾರದ ಕಥೆ. ಭಾರತದ ರಾಜನಾಗಿ ಚಂದ್ರಗುಪ್ತನನ್ನು ಆರಿಸಿಕೊಂಡಿದ್ದೆ. ನದಿ ಎರಡು ಸುತ್ತು ಹಾಕಿಕೊಂಡು ಹರಿಯುವ ಕಡೆ, ಪೂರ್ತಿ ಹೊಳೆ ಬಯಲಲ್ಲಿ, ಒಂದು ದೊಡ್ಡ ನಗರ ಕಟ್ಟಿದೆ. ಅನ್ನಕ್ಕೆ ಕೊರತೆಯಿಲ್ಲ, ಜನ ಸರಸರ ಬೆಳೆದರು. ಹೊಳೆ ಪಕ್ಕ ಸಂತೆಪೇಟೆ ಕಟ್ಟಿದರೆ ಹಣ ಜಾಸ್ತಿ ಬರುತ್ತದೆ. ಅದನ್ನೂ ಕಟ್ಟಿದೆ. ಅದರ ಪಕ್ಕ ವಿದ್ಯಾಪೀಠ. ಅಪ್ಪ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಬಂದು ಸ್ಕ್ರೀನ್ ನೋಡಿದರು.

‘ಇದೇನ್ಲಾ ನೀಲಿ, ಹೊಳೆಯಾ?’

‘ಹೂಂ ಅಪ್ಪ.’

‘ಹೊಳೆ ಮಗ್ಗುಲಲ್ಲಿ, ಅದೂ ಅಷ್ಟು ತಗ್ಗಲ್ಲಿ ಅಂಗಡಿ ಸಾಲು ಕಟ್ಟವ್ನಲ್ಲ, ಬುದ್ಧಿ ಐತಾ ನಿಂಗೆ?’

ಆಟ ಕಣಪ್ಪ ಅದು ಅಂದೆ. ಏಳೆಂಟು ಟರ್ನ್ ಆಗಿರಬೇಕು, ಕ್ಯಾಮೆರಾ ತಾನೇ ಆ ನಗರದ ಮೇಲೆ ಹೋಗಿ ನಿಂತಿತು. ಕಂದು ನೀರು ಟೈಲ್‌ನಿಂದ ಟೈಲ್‌ಗೆ, ಅಂದರೆ ನಕ್ಷೆಯ ಮನೆಯಿಂದ ಮನೆಗೆ, ಹರಡಿತು. ಆಟದಲ್ಲಿ ನೆರೆಗೆ ಮೂರು ದರ್ಜೆ ಇದೆ. ಬಂದಿದ್ದು ಎಲ್ಲಕ್ಕಿಂತ ದೊಡ್ಡದು, ಸಾವಿರ ವರ್ಷಕ್ಕೊಮ್ಮೆ ಬರುವ ನೆರೆ. ಸಂತೆ ಹೋಯಿತು, ವಿದ್ಯಾಪೀಠ ಹೋಯಿತು, ಗದ್ದೆ ಎಲ್ಲ ಹಾಳು, ಜನಸಂಖ್ಯೆಯೂ ಇಳಿಯಿತು. ರಿಪೇರಿ ಮುಗಿಯುವ ಹೊತ್ತಿಗೆ ಸಾವಿರ ವರ್ಷಕ್ಕೊಮ್ಮೆಯದು ಮತ್ತೆ ಬಂತು! ಅಪ್ಪ ಮಾತಾಡಲಿಲ್ಲ. ನಕ್ಕು ಮಲಗಲು ಹೋದರು.

ಆದರೆ ಈ ಆಟ ಮಾಡಿದವರಿಗೆ ಹೊಳೆ ಗೊತ್ತು ಅನಿಸಿದ್ದು ಆಮೇಲೆ. ನೀರು ಇಳಿದ ಮೇಲೆ ಕೆಲವು ಟೈಲ್‌ಗಳಲ್ಲಿ ಬೆಳೆ ಮೊದಲಿಗಿಂತ ಹೆಚ್ಚಾಯಿತು. ಗೋಡು ಮಣ್ಣು ಬಂದು ಕೂತಿದೆ ಅಂತ ಅರ್ಥ. ಹೊಳೆ ಬಯಲು ಬಿಟ್ಟು ಓಡಿದರೆ ಬಡವನಾಗುತ್ತೀರಿ, ಅಲ್ಲೇ ಇದ್ದರೆ ಆಗಾಗ ಮುಳುಗುತ್ತೀರಿ. ಮಂಡ್ಯ ಕಡೆಯ ಯಾವ ರೈತನಿಗೂ ಇದನ್ನು ವಿವರಿಸಬೇಕಾಗಿಲ್ಲ.

ಸರಿ, ಅಣೆಕಟ್ಟು ಕಟ್ಟೋಣ ಅಂತ ಹೊರಟೆ. ‘ಬಟ್ರೆಸ್’ ಅನ್ನುವ ತಂತ್ರಜ್ಞಾನ ಕಲಿತರೆ ಅಣೆಕಟ್ಟು ಸಿಗುತ್ತದೆ. ಆದರೆ ಎಲ್ಲೆಂದರಲ್ಲಿ ಕಟ್ಟೋಕೆ ಆಗಲ್ಲ. ಹೊಳೆ ಬಯಲಿನ ಟೈಲೇ ಆಗಬೇಕು, ನದಿ ಅದರ ಎರಡು ಬದಿಯಾದರೂ ಮುಟ್ಟಿಕೊಂಡು ಹೋಗಬೇಕು. ಆ ನಗರದಲ್ಲಿ ಅಂಥ ಟೈಲ್ ಇದ್ದಿದ್ದು ಒಂದೇ. ಅದರ ಮೇಲೆ ನನ್ನದೇ ಸಂತೆಪೇಟೆ ಕೂತಿತ್ತು. ಈ ಆಟದಲ್ಲಿ ಒಮ್ಮೆ ಕಟ್ಟಿ ಮುಗಿಸಿದ ಪೇಟೆಯನ್ನು ಕೆಡವೋಕೆ ಆಗಲ್ಲ. ಕೆಆರ್‌ಎಸ್ ಕಟ್ಟಿದಾಗ ಕನ್ನಂಬಾಡಿ ಊರನ್ನೇ ಎಬ್ಬಿಸಿ ಬೇರೆ ಕಡೆ ಕಳಿಸಿದರು. ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನ ಕೂಡ ಎಷ್ಟೋ ವರ್ಷದ ಮೇಲೆ ಕಲ್ಲು ಕಲ್ಲಾಗಿ ಹೊಸ ಜಾಗಕ್ಕೆ ಹೋಯಿತು. ನನ್ನ ಸಾಮ್ರಾಜ್ಯದಲ್ಲಿ ಹತ್ತು ಅಂಗಡಿ ಎತ್ತೋಕೆ ದಾರಿಯಿಲ್ಲ. ಕೊನೆ ಟರ್ನ್‌ವರೆಗೂ ಆ ನಗರ ಮುಳುಗುತ್ತಲೇ ಇತ್ತು. ಈಗ ನಗರ ಕಟ್ಟುವ ಮೊದಲೇ ಅಣೆಕಟ್ಟಿನ ಟೈಲ್ ಹುಡುಕಿ ನಕ್ಷೆಯ ಮೇಲೆ ಗುರುತಿನ ಪಿನ್ ಚುಚ್ಚಿಡುತ್ತೇನೆ. ಹೊಸಬರು ಇದೊಂದು ಕಲಿತರೂ ಸಾಕು.

ಬರದ ಬಗ್ಗೆಯೂ ಹೇಳಬೇಕು. ನೆರೆಯ ಹಾಗೆ ಅದಕ್ಕೆ ಅಬ್ಬರ ಇಲ್ಲ. ಸುಮ್ನೆ ಐದು ಟರ್ನ್, ಜೋರಾದರೆ ಹತ್ತು ಟರ್ನ್, ಅನ್ನದ ಅಂಕಿ ಇಳಿಯುತ್ತದೆ, ಜನ ಸೊರಗುತ್ತಾರೆ. ಭಾರತ ಆರಿಸಿಕೊಂಡವರಿಗೆ ಮೆಟ್ಟಿಲು ಬಾವಿ ಕಟ್ಟುವ ಅವಕಾಶ ಇದೆ, ನಮ್ಮ ಕಲ್ಯಾಣಿ ಇದ್ದ ಹಾಗೆ. ಅದು ಬರಗಾಲದಲ್ಲಿ ಅನ್ನ ಕಳೆದುಹೋಗದಂತೆ ತಡೆಯುತ್ತದೆ. ಮೊದಮೊದಲು ನಾನು ಅದನ್ನು ಕಟ್ಟುತ್ತಲೇ ಇರಲಿಲ್ಲ. 2023ರಲ್ಲಿ ಕೆಆರ್‌ಎಸ್ ತನ್ನ ಪೂರ್ತಿ ಮಟ್ಟ 124.80 ಅಡಿ ಮುಟ್ಟದೇ ಹೋಗಿ, ಮಂಡ್ಯದಲ್ಲಿ ಧರಣಿ, ಬಂದ್ ಎಲ್ಲ ಆಗುತ್ತಿದ್ದ ದಿನಗಳಲ್ಲಿ ಒಂದು ಆಟ ಆಡುತ್ತಿದ್ದೆ. ಅದರಲ್ಲೂ ಬರ ಬಂತು. ಹೊರಗೂ ಬರ, ಒಳಗೂ ಬರ. ಆ ಆಟ ಮುಂದುವರಿಸೋಕೆ ಮನಸ್ಸಾಗಲಿಲ್ಲ, ಅಳಿಸಿಬಿಟ್ಟೆ. ಈಗ ಬಾವಿ ಬಿಡುವುದಿಲ್ಲ.

ಇನ್ನು ಯುದ್ಧ. ಇಲ್ಲಿ ನನ್ನ ಮಾನ ಹೋಗಿದ್ದು ಕಂಪ್ಯೂಟರ್ ಆಡಿಸುವ ಸಿಥಿಯಾದ ರಾಣಿ ಟೊಮಿರಿಸ್ ಕೈಯಲ್ಲಿ.

ಚಂದ್ರಗುಪ್ತನಿಗೆ ಒಂದು ವಿಶೇಷ ಇದೆ. ರಾಜ್ಯ ವಿಸ್ತರಣೆಗೆ ಅಂತ ಯುದ್ಧ ಸಾರಿದರೆ ಮೊದಲ ಹತ್ತು ಟರ್ನ್ ಸೇನೆಗೆ ಎರಡು ಹೆಜ್ಜೆ ಹೆಚ್ಚು ನಡೆ, ಐದು ಅಂಕ ಹೆಚ್ಚು ಬಲ. ಜೊತೆಗೆ ‘ವರು’ ಅನ್ನುವ ಆನೆ ಪಡೆ. ಅದರ ಪಕ್ಕ ನಿಂತ ಶತ್ರುವಿನ ಬಲ ಐದು ಅಂಕ ಇಳಿಯುತ್ತದೆ. ನಾಲ್ಕು ಆನೆ, ಕಲ್ಲು ಎಸೆಯುವ ಯಂತ್ರ ಅಂದರೆ ಕ್ಯಾಟಪಲ್ಟ್ ಎರಡು, ಒಂದಿಷ್ಟು ಬಿಲ್ಲುಗಾರರು. ದಸರಾ ಜಂಬೂ ಸವಾರಿ ಥರ ಸಾಲಾಗಿ ಹೊರಟೆ. ಮೂರು ಟರ್ನ್ ನೋಡೋಕೆ ಚೆನ್ನಾಗಿತ್ತು. ಮಧ್ಯೆ ಕಾಡು, ಗುಡ್ಡ. ಒಂದು ಟೈಲ್‌ನಲ್ಲಿ ಒಂದೇ ಪಡೆ ನಿಲ್ಲಬಹುದು, ಹಾಗಾಗಿ ಕಣಿವೆಯಲ್ಲಿ ಟ್ರಾಫಿಕ್ ಜಾಮ್. ಅವಳ ನಗರದ ಹೊಳೆ ದಡ ಮುಟ್ಟುವಾಗ ಎಂಟನೇ ಟರ್ನ್.

ನಗರದ ಎರಡು ಕಡೆ ಹೊಳೆ, ಸುತ್ತ ಕೋಟೆ. ಹೊಳೆ ದಾಟಿ ಹೊಡೆದರೆ ಹೊಡೆತದ ಬಲ ಕಮ್ಮಿ. ಗೋಡೆಗೆ ಆನೆ ಗುದ್ದಿದರೂ ಅಷ್ಟಕ್ಕಷ್ಟೇ. ಬಾಗಿಲು ಒಡೆಯುವ ದಿಮ್ಮಿ, ಅಂದರೆ ಬ್ಯಾಟರಿಂಗ್ ರ‍್ಯಾಮ್, ಇರಬೇಕಿತ್ತು. ನಾನು ತಂದಿರಲಿಲ್ಲ. ತಂದಿದ್ದರೂ ಅದು ಕಾಲಾಳುಗಳಿಗೆ ಮಾತ್ರ ಉಪಯೋಗ, ಆನೆಗಲ್ಲ ಅಂತ ಆಮೇಲೆ ಗೊತ್ತಾಯಿತು. ಹತ್ತು ಟರ್ನ್ ಮುಗಿಯಿತು, ಹೆಚ್ಚುವರಿ ನಡೆಯೂ ಹೋಯಿತು, ಬಲವೂ ಹೋಯಿತು. ಈಗ ಕ್ಯಾಟಪಲ್ಟ್ ನಡೆದ ಟರ್ನ್‌ನಲ್ಲಿ ಕಲ್ಲು ಎಸೆಯಲ್ಲ. ಅಷ್ಟರಲ್ಲಿ ಟೊಮಿರಿಸ್ ಕುದುರೆ ಪಡೆ ಬಿಟ್ಟಳು. ಸಿಥಿಯಾ ಒಂದು ಹಗುರ ಕುದುರೆ ಪಡೆ ಕಟ್ಟಿದರೆ ಇನ್ನೊಂದು ಪುಕ್ಕಟೆ. ಗಾಯಗೊಂಡ ಪಡೆ ಕಂಡರೆ ಅವಳ ಜನಕ್ಕೆ ಬಲ ಜಾಸ್ತಿ, ಕೊಂದರೆ ಅವರ ಗಾಯವೂ ಮಾಯುತ್ತದೆ. ನನ್ನದು ಎಲ್ಲವೂ ಗಾಯಗೊಂಡ ಪಡೆಯೇ! ಕೆಲವು ಕುದುರೆಗಳು ನನ್ನನ್ನು ಬಳಸಿಕೊಂಡು ಹಿಂದೆ ಹೋಗಿ ನನ್ನ ಗದ್ದೆಗಳನ್ನೇ ಲೂಟಿ ಮಾಡಿದವು. ಕ್ಯಾಟಪಲ್ಟ್‌ಗಳನ್ನು ಅಲ್ಲೇ ಬಿಟ್ಟು, ಉಳಿದ ಒಂದು ಆನೆ ಜೊತೆ ವಾಪಸ್ ಬಂದೆ.

ನಮ್ಮೂರಲ್ಲಿ ಹುಟ್ಟಿದವನು ಈ ತಪ್ಪು ಮಾಡಬಾರದಿತ್ತು. 1791ರ ಮೇನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಟಿಪ್ಪುವಿನ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದು, ಮಳೆ ಹಿಡಿದು, ದವಸ ಮುಗಿದು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳು ಮಾಡಿ ಹಿಂತಿರುಗಿದ. ಮುಂದಿನ ವರ್ಷ ತಯಾರಿ ಮಾಡಿಕೊಂಡು ಮತ್ತೆ ಬಂದ. 1799ರಲ್ಲಿ ಕೋಟೆ ಬಿದ್ದಿದ್ದು ಮೇ 4ಕ್ಕೆ, ಮುಂಗಾರಿಗೆ ಮೊದಲು, ಹೊಳೆಯಲ್ಲಿ ನೀರು ಕಮ್ಮಿ ಇದ್ದಾಗ. ಶಾಲೆಯಿಂದ ಆ ಕೋಟೆ ಬಿರುಕಿನ ಜಾಗಕ್ಕೆ ಎಷ್ಟು ಸಲ ಕರೆದುಕೊಂಡು ಹೋಗಿದ್ದಾರೋ. ನಾನು ಅಲ್ಲಿ ಸೌತೆಕಾಯಿ ತಿನ್ನುತ್ತಿದ್ದೆ ಅಂತ ಕಾಣುತ್ತದೆ.

ಇಷ್ಟಾದರೂ ಒಂದು ಸತ್ಯ ಹೇಳಬೇಕು. ಕಂಪ್ಯೂಟರ್ ರಾಜರು ಶುರುವಿನಲ್ಲಿ, ಬಯಲಲ್ಲಿ ಅಪಾಯಕಾರಿ. ನಿಮ್ಮ ಊರಿಗೆ ಗೋಡೆ ಎದ್ದ ಮೇಲೆ ಅವರಿಗೆ ಏನು ಮಾಡಬೇಕು ಅಂತ ತೋಚುವುದಿಲ್ಲ. ಗೋಡೆ ಮುಂದೆ ಬಂದು ಸುತ್ತುತ್ತಾರೆ, ಬಾಣ ತಿನ್ನುತ್ತಾರೆ, ಸಾಯುತ್ತಾರೆ. ಕಷ್ಟದ ಮಟ್ಟ ಏರಿಸಿದರೆ ಅವರ ಬುದ್ಧಿ ಏರಲ್ಲ, ಕೈಗೆ ಕೊಡುವ ಬಂಡವಾಳ ಏರುತ್ತದೆ ಅಷ್ಟೇ. ಅತಿ ಮೇಲಿನ ‘ಡೀಟಿ’ ಮಟ್ಟದಲ್ಲಿ ಅವರಿಗೆ ಶುರುವಿಗೇ ಊರು ಕಟ್ಟುವ ತಂಡ ಮೂರು, ನಿಮಗೆ ಒಂದು. ನನಗೆ ಇದು ಆಟದ ದೊಡ್ಡ ಕೊರತೆ.

ಆ ಕೊರತೆ ತುಂಬಿದ್ದು ಗೆಳೆಯರು. ಒಂದೇ ಲ್ಯಾಪ್‌ಟಾಪ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರು ಆಡುವ ಹಾಟ್‌ಸೀಟ್ ವ್ಯವಸ್ಥೆ ಇದೆ. ಒಂದು ದಸರಾ ರಜೆಯಲ್ಲಿ ಮೈಸೂರಿನ ರೂಮಿನಲ್ಲಿ ಮೂವರು ಕೂತೆವು. ಇಬ್ಬರು ಸೇರಿ ಮೂರನೆಯವನನ್ನು ಮುಗಿಸೋಣ ಅಂತ ನಾನೂ ಇನ್ನೊಬ್ಬನೂ ಬಾಲ್ಕನಿಯಲ್ಲಿ ಮಾತಾಡಿಕೊಂಡೆವು. ಆಟದಲ್ಲೇ ಸ್ನೇಹ ಘೋಷಿಸಿದರೆ 30 ಟರ್ನ್ ಒಬ್ಬರ ಮೇಲೊಬ್ಬರು ಯುದ್ಧ ಸಾರೋಕೆ ಆಗಲ್ಲ. ನಮ್ಮ ಮಧ್ಯೆ ಅದೆಲ್ಲ ಯಾಕೆ ಅಂತ ಬಾಯಿಮಾತಲ್ಲೇ ಬಿಟ್ಟೆವು. ನನ್ನ ಸೇನೆ ಗಡಿ ದಾಟಿತು. ಲ್ಯಾಪ್‌ಟಾಪ್ ಸುತ್ತಿ ನನ್ನ ಕೈಗೆ ವಾಪಸ್ ಬಂದಾಗ ನನ್ನ ರಾಜಧಾನಿಯ ಬಣ್ಣ ಬೇರೆ ಆಗಿತ್ತು.

‘ಸಾರಿ ಮಗ, ಖಾಲಿ ಇತ್ತು’ ಅಂದ.

ಆ ರಾತ್ರಿ ಅವನಿಗೆ ನನ್ನ ದುಡ್ಡಲ್ಲಿ ಪಾರ್ಸೆಲ್ ತರಿಸಿದ್ದೆ. ಇನ್ನೂ ಹೊಟ್ಟೆ ಉರಿಯುತ್ತದೆ.

ಬಾಣ ಬಿಡದೆ ಊರು ಕಳೆದುಕೊಳ್ಳುವ ದಾರಿಯೂ ಇದೆ. 2018ರ ‘ರೈಸ್ ಆ್ಯಂಡ್ ಫಾಲ್’ ಎಕ್ಸ್‌ಪಾನ್ಷನ್‌ನಿಂದ ಪ್ರತಿ ನಗರಕ್ಕೂ ನಿಷ್ಠೆಯ ಲೆಕ್ಕ ಇದೆ. ದೂರದಲ್ಲಿ, ಬೇರೆಯವರ ದೊಡ್ಡ ಊರುಗಳ ನಡುವೆ ಆಸೆಪಟ್ಟು ಒಂದು ಊರು ಕಟ್ಟಿದರೆ ಅದು ಸದ್ದಿಲ್ಲದೆ ಕೈಜಾರುತ್ತದೆ. ಒಬ್ಬ ಗವರ್ನರ್‌ನನ್ನು ಕೂರಿಸಿದರೆ ಸ್ವಲ್ಪ ತಡೆಯುತ್ತದೆ.

ಕೊನೆಯ ಯುಗದ ಅನಾಹುತ ಸಮುದ್ರದ್ದು. ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡಿದಷ್ಟೂ ಭೂಮಿ ಬಿಸಿಯಾಗಿ, ಹಂತ ಹಂತವಾಗಿ ಕಡಲು ಏರಿ, ತಗ್ಗಿನ ಟೈಲ್‌ಗಳನ್ನು ನುಂಗುತ್ತದೆ. ಕಂಪ್ಯೂಟರ್ ಕಂಡುಹಿಡಿದ ಮೇಲೆ ತಡೆಗೋಡೆ ಕಟ್ಟಬಹುದು, ಆದರೆ ನೀರು ಏರಿದಷ್ಟೂ ಅದರ ಖರ್ಚೂ ಏರುತ್ತದೆ. ಒಂದು ಸಲ ನಾಳೆ ಕಟ್ಟೋಣ ಅಂತ ಬಿಟ್ಟು ಕಡಲ ದಡದ ಟೈಲ್‌ಗಳನ್ನೇ ಕಳೆದುಕೊಂಡೆ. ಹಾಗೆ ನೋಡಿದರೆ ಇದು ಬಿಟ್ಟರೆ ಕೊನೆಯ ನೂರು ಟರ್ನ್ ಬೇಸರ. ಗೆಲುವು ಗೊತ್ತಾಗಿರುತ್ತದೆ, ಸುಮ್ನೆ ಬಟನ್ ಒತ್ತುತ್ತಾ ಕೂರಬೇಕು. ನನ್ನ ಅರ್ಧ ಆಟಗಳು ಅಲ್ಲೇ ನಿಂತಿವೆ.

ಈ ಆಟದಲ್ಲಿ ಭಾರತದ ಇನ್ನೊಬ್ಬ ನಾಯಕ ಗಾಂಧಿ; ಅವರು ಅಣುಬಾಂಬ್ ಹಾಕುತ್ತಾರಾ ಅಂತ ಎಲ್ಲರೂ ಕೇಳುತ್ತಾರೆ. 1991ರ ಮೊದಲ ಸಿವಿಲೈಸೇಶನ್‌ನಲ್ಲಿ ಒಂದು ಲೆಕ್ಕದ ದೋಷದಿಂದ ಹಾಗಾಯಿತು ಅನ್ನುವುದು ಕಟ್ಟುಕಥೆ, ಅದನ್ನು ಮಾಡಿದ ಸಿಡ್ ಮೇಯರ್ ಅವರೇ ಅಲ್ಲಗಳೆದಿದ್ದಾರೆ. ತಮಾಷೆಗೆ ಅಂತ ಮುಂದಿನ ಆಟಗಳಲ್ಲಿ ಬೇಕೆಂದೇ ಸೇರಿಸಿದರು. ನನ್ನ ಮೇಲೆ ಇದುವರೆಗೆ ಹಾಕಿಲ್ಲ.

ಕೊಳ್ಳಬೇಕಾ? ಕೊಳ್ಳಿ, ಆದರೆ ಪೂರ್ತಿ ಬೆಲೆಗೆ ಬೇಡ. ರಿಯಾಯಿತಿ ಆಗಾಗ ಬರುತ್ತದೆ, ಎರಡೂ ಎಕ್ಸ್‌ಪಾನ್ಷನ್ ಸೇರಿದ ಕಟ್ಟನ್ನೇ ತೆಗೆದುಕೊಳ್ಳಿ. ಕನ್ನಡ ಇಲ್ಲ, ಇಂಗ್ಲಿಷ್‌ನಲ್ಲಿ ಓದುವುದು ತುಂಬಾ ಇದೆ. ಸೇವ್ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ರಿಪೇರಿ ಅಂಗಡಿಯೊಂದರಲ್ಲಿ ನನ್ನ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ ಎರಡು ಸಾಮ್ರಾಜ್ಯ ಒಂದೇ ದಿನ ಮಣ್ಣಾದವು, ಅದಕ್ಕಿಂತ ದೊಡ್ಡ ನೆರೆ ನಾನು ಕಂಡಿಲ್ಲ. ಏಳನೇ ಆವೃತ್ತಿ 2025ರ ಫೆಬ್ರವರಿಯಲ್ಲಿ ಬಂದಿದೆ. ಅದು ಬಂದಾಗ, ಯುಗ ಬದಲಾದರೆ ನಿಮ್ಮ ನಾಗರಿಕತೆಯೂ ಬದಲಾಗುತ್ತಿತ್ತಂತೆ. ನಾನು ಇನ್ನೂ ಕೊಂಡಿಲ್ಲ, ಕೊಳ್ಳುವ ಆತುರವೂ ಇಲ್ಲ.

ನಿನ್ನೆ ರಾತ್ರಿ ಮತ್ತೆ ಚಂದ್ರಗುಪ್ತನನ್ನೇ ಆರಿಸಿಕೊಂಡೆ. ಪಕ್ಕದ ರಾಜ್ಯ ಸಿಥಿಯಾ. ಅಣೆಕಟ್ಟಿನ ಟೈಲ್ ಖಾಲಿ ಬಿಟ್ಟಿದ್ದೇನೆ, ಕಾಲಾಳುಗಳ ಜೊತೆ ಎರಡು ದಿಮ್ಮಿ ತಯಾರಿವೆ. ಯುದ್ಧ ಮಾತ್ರ ಇನ್ನೂ ಸಾರಿಲ್ಲ. ಈ ಸಲ ಹೊಳೆ ದಡ ಮುಟ್ಟಿದ ಮೇಲೆಯೇ ಸಾರುತ್ತೇನೆ.